ತಲೆಯಷ್ಟೇ ಲೆಕ್ಕಕ್ಕೆ: ರೋಮಿನ ಕಡುಬಡ ಪ್ರಜೆಗಳು ಮತ್ತು ಗೋಧಿಯ ಪಟ್ಟಿ

ಉಚಿತ ಅಕ್ಕಿ, ಉಚಿತ ಬಸ್ ಪ್ರಯಾಣ, ಗ್ಯಾರಂಟಿ ಯೋಜನೆಗಳ ಚರ್ಚೆ ಕರ್ನಾಟಕದಲ್ಲಿ ಕಾವೇರಿದಾಗಲೆಲ್ಲ ರೋಮಿನ ಮಾತೊಂದು ಕಿವಿಗೆ ಬೀಳುತ್ತದೆ: ‘ರೊಟ್ಟಿ ಮತ್ತು ಆಟ’. ಆಳುವವರು ಹೊಟ್ಟೆಗೆ ರೊಟ್ಟಿಯನ್ನೂ ಕಣ್ಣಿಗೆ ಮೋಜನ್ನೂ ಒದಗಿಸಿ ಬಡವರನ್ನು ಸೋಮಾರಿಗಳನ್ನಾಗಿ ಮಾಡಿದರು, ಆ ಸೋಮಾರಿಗಳ ಭಾರಕ್ಕೆ ಸಾಮ್ರಾಜ್ಯವೇ ಕುಸಿಯಿತು ಎಂಬ ಅರ್ಥವನ್ನು ಆ ಮಾತಿಗೆ ಹಚ್ಚುವುದು ವಾಡಿಕೆ. ಇಲ್ಲಿನ ಯೋಜನೆಗಳು ಸರಿಯೋ ತಪ್ಪೋ ಎಂಬುದು ಬೇರೆಯೇ ಪ್ರಶ್ನೆ. ಆದರೆ ರೋಮನ್ನು ಸಾಕ್ಷಿಗೆ ಕರೆದ ಮೇಲೆ ಆ ಸಾಕ್ಷಿ ನಿಜಕ್ಕೂ ಏನು ಹೇಳುತ್ತದೆ ಎಂಬುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದು ನ್ಯಾಯ.

ಆ ಮಾತನ್ನು ಬರೆದವನು ಕ್ರಿ.ಶ. ಎರಡನೆಯ ಶತಮಾನದ ಆರಂಭದ ವಿಡಂಬನಕಾರ ಜುವೆನಲ್. ಅವನ ದೂರು ಬಡತನದ ಬಗ್ಗೆ ಇರಲಿಲ್ಲ, ಮತದಾನದ ಬಗ್ಗೆ ಇತ್ತು: ಒಂದು ಕಾಲಕ್ಕೆ ಸೇನಾಪತಿಗಳನ್ನೂ ಅಧಿಕಾರಿಗಳನ್ನೂ ಆರಿಸುತ್ತಿದ್ದ ಜನ ಈಗ ಎರಡೇ ವಸ್ತುಗಳಿಗೆ ಹಂಬಲಿಸುತ್ತಾರೆ ಎಂಬುದು ಅವನ ಕೊಂಕು. ಆದರೆ ಜನ ಆ ಹಕ್ಕನ್ನು ರೊಟ್ಟಿಗಾಗಿ ಮಾರಿಕೊಂಡಿರಲಿಲ್ಲ; ಕ್ರಿ.ಶ. 14ರಲ್ಲಿ, ತಿಬೇರಿಯಸ್ ಚಕ್ರವರ್ತಿ ಪಟ್ಟಕ್ಕೆ ಬಂದ ವರ್ಷವೇ, ಅಧಿಕಾರಿಗಳ ಆಯ್ಕೆಯನ್ನು ಜನಸಭೆಯಿಂದ ತೆಗೆದು ಉಳ್ಳವರ ಸಭೆಯಾದ ಸೆನೆಟ್ಟಿಗೆ ಒಪ್ಪಿಸಲಾಗಿತ್ತು. ಇನ್ನು ರೊಟ್ಟಿಯ ವಿಷಯ. ಜುವೆನಲ್‌ನ ಕಾಲದಲ್ಲಿ ಸರ್ಕಾರ ಹಂಚುತ್ತಿದ್ದುದು ಗೋಧಿ. ಅದರ ಬದಲು ಸುಟ್ಟ ರೊಟ್ಟಿಯನ್ನೇ ಹಂಚುವ ಪದ್ಧತಿ ಬಂದದ್ದು ಸುಮಾರು ಒಂದೂವರೆ ಶತಮಾನದ ನಂತರ, 270ರ ದಶಕದಲ್ಲಿ, ಔರೇಲಿಯನ್ ಚಕ್ರವರ್ತಿಯ ಆಳ್ವಿಕೆಯಲ್ಲಿ. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಆ ಗೋಧಿಯ ಪಟ್ಟಿ ಬಡವರ ಪಟ್ಟಿಯೇ ಆಗಿರಲಿಲ್ಲ.

ಹಾಗಾದರೆ ರೋಮ್ ತನ್ನ ಅತ್ಯಂತ ಬಡ ಪ್ರಜೆಗಳನ್ನು ಯಾವ ಪಟ್ಟಿಯಲ್ಲಿ ಇಟ್ಟಿತ್ತು? ಅದಕ್ಕೆ ಗಣತಿಯಿಂದ ಆರಂಭಿಸಬೇಕು. ರೋಮನ್ನರು ಆರನೆಯ ಅರಸ ಸರ್ವಿಯಸ್ ತುಲಿಯಸ್‌ನ ಹೆಸರಿಗೆ ಕಟ್ಟಿದ ವ್ಯವಸ್ಥೆಯೊಂದರಲ್ಲಿ ಪ್ರಜೆಗಳೆಲ್ಲರೂ ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ಐದು ವರ್ಗಗಳಾಗಿ ಹಂಚಿಹೋಗುತ್ತಿದ್ದರು. ಇತಿಹಾಸಕಾರ ಲಿವಿ ಕೊಡುವ ಲೆಕ್ಕದಂತೆ ಮೊದಲ ವರ್ಗಕ್ಕೆ 1,00,000 ಆಸ್ ಎಂಬ ತಾಮ್ರದ ನಾಣ್ಯಗಳಷ್ಟು ಆಸ್ತಿ ಬೇಕು, ಕೊನೆಯ ವರ್ಗಕ್ಕೆ 11,000. ಯುದ್ಧಕ್ಕೆ ಹೋಗುವವನು ತನ್ನ ಆಯುಧವನ್ನು ತಾನೇ ತರಬೇಕಾಗಿದ್ದ ಕಾಲವದು. ಹಾಗಾಗಿ ಈ ಗಣತಿ ಕೇಳುತ್ತಿದ್ದುದು ‘ನಿನಗೆ ಏನು ಕೊರತೆಯಿದೆ’ ಎಂದಲ್ಲ, ‘ನೀನು ರಾಜ್ಯಕ್ಕೆ ಏನು ತರಬಲ್ಲೆ’ ಎಂದು. ಪೂರ್ತಿ ಕವಚ ತರಬಲ್ಲವನು ಮೊದಲ ವರ್ಗ, ಕವಣೆ ಮತ್ತು ಕಲ್ಲು ತರಬಲ್ಲವನು ಐದನೆಯ ವರ್ಗ. ಅದಕ್ಕೂ ಕೆಳಗಿದ್ದವರು ಏನನ್ನೂ ತರಲಾರರು. ಅವರಿಂದ ರಾಜ್ಯ ನಿರೀಕ್ಷಿಸಬಹುದಾದದ್ದು ಮಕ್ಕಳನ್ನು ಮಾತ್ರ ಎಂಬ ಅರ್ಥದಲ್ಲಿ, ಸಂತಾನ ಎಂಬ ಅರ್ಥದ ‘ಪ್ರೋಲೆಸ್’ ಪದದಿಂದ, ಅವರಿಗೆ ‘ಪ್ರೋಲೆತಾರಿ’ ಎಂಬ ಹೆಸರು ಬಂತು. ಇನ್ನೂ ಕೆಳಗೆ, ಬರೆದುಕೊಳ್ಳಲು ಆಸ್ತಿಯೇ ಇಲ್ಲದವರನ್ನು ‘ಕಾಪಿತೆ ಚೆನ್ಸಿ’ ಎಂದು ಕರೆದರು. ಕನ್ನಡದಲ್ಲಿ ಹೇಳುವುದಾದರೆ ತಲೆ ಎಣಿಕೆಯವರು. ಹೊಲವಿಲ್ಲ, ಎತ್ತಿಲ್ಲ, ಮನೆಯಿಲ್ಲ, ಒಂದು ತಲೆಯಿದೆ, ಅದನ್ನೇ ಬರೆದುಕೊಳ್ಳಿ ಎಂದಷ್ಟೇ ಅರ್ಥ.

ಹೆಸರಿನ ಹಿಂದೆ ಕಾನೂನಿನ ತಾರತಮ್ಯವೂ ಇತ್ತು. ಕ್ರಿ.ಪೂ. 451-450ರಲ್ಲಿ ಬರೆಯಲಾದ ಹನ್ನೆರಡು ಫಲಕಗಳ ಶಾಸನದಲ್ಲಿ ಆಸ್ತಿವಂತನಿಗೆ ಆಸ್ತಿವಂತನೇ ಜಾಮೀನು ನಿಲ್ಲಬೇಕು, ಪ್ರೋಲೆತಾರಿಗೆ ಯಾರು ಬೇಕಾದರೂ ನಿಲ್ಲಬಹುದು ಎಂಬ ವಿಧಿಯಿದೆ. ಮೇಲ್ನೋಟಕ್ಕೆ ಇದು ಉದಾರವಾಗಿ ಕಾಣುತ್ತದೆ. ಆದರೆ ಸಾಲಗಾರನೇ ಸಾಲ ಕೊಟ್ಟವನಿಗೆ ಆಳಾಗಿ ದುಡಿಯಬೇಕಾಗಿದ್ದ ಕಾಲದಲ್ಲಿ, ಏನೂ ಇಲ್ಲದವನಿಗಾಗಿ ಜಾಮೀನು ನಿಲ್ಲಲು ಮುಂದೆ ಬರುವವರು ಯಾರಿದ್ದರು? ಆ ಸಾಲದ ಜೀತ ಕಾನೂನಿನ ಪ್ರಕಾರ ಕೊನೆಗೊಂಡದ್ದು, ಲಿವಿ ಹೇಳುವಂತೆ, ಕ್ರಿ.ಪೂ. 326ರಲ್ಲಿ.

ಮತದಾನದ ಗಣಿತವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಡವನಿಗೆ ಮತ ಕೊಟ್ಟೂ ಕೊಡದಂತೆ ಮಾಡುವ ಜಾಣ್ಮೆ ಅಲ್ಲಿ ಪೂರ್ಣವಾಗಿ ಅರಳಿದೆ. ರೋಮಿನ ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲರನ್ನು ಆರಿಸುವ ಸಭೆಯಲ್ಲಿ ಮತವನ್ನು ವ್ಯಕ್ತಿಗಳ ಲೆಕ್ಕದಲ್ಲಿ ಎಣಿಸುತ್ತಿರಲಿಲ್ಲ, ‘ಸೆಂಚುರಿ’ ಎಂಬ ಗುಂಪುಗಳ ಲೆಕ್ಕದಲ್ಲಿ ಎಣಿಸುತ್ತಿದ್ದರು. ಒಟ್ಟು 193 ಗುಂಪುಗಳು. ಅವುಗಳಲ್ಲಿ 18 ಕುದುರೆ ಸವಾರರ ಗುಂಪುಗಳು, 80 ಮೊದಲ ವರ್ಗದವು. ಈ ಎರಡು ಸೇರಿದರೆ 98, ಅಂದರೆ ಬಹುಮತಕ್ಕಿಂತ ಒಂದು ಹೆಚ್ಚು. ಐದೂ ವರ್ಗಗಳ ಕೆಳಗಿದ್ದ ಎಲ್ಲ ಪ್ರೋಲೆತಾರಿಗಳಿಗೂ ಸೇರಿ ಒಂದೇ ಒಂದು ಗುಂಪು. ಮೊದಲ ವರ್ಗದ ಕೆಳಗಿನ ಗುಂಪುಗಳ ಪೈಕಿ ಒಂದೊಂದರಲ್ಲೇ ಬಹುತೇಕ ಇಡೀ ಮೊದಲ ವರ್ಗದಲ್ಲಿದ್ದವರಿಗಿಂತ ಹೆಚ್ಚು ತಲೆಗಳಿದ್ದವು ಎಂದು ವಾಗ್ಮಿ, ರಾಜಕಾರಣಿ ಸಿಸೆರೋ ಬರೆಯುತ್ತಾನೆ, ಬರೆದು ಮೆಚ್ಚಿಕೊಳ್ಳುತ್ತಾನೆ: ಅತಿ ಹೆಚ್ಚು ಸಂಖ್ಯೆಯ ಜನರಿಗೆ ಅತಿ ಹೆಚ್ಚು ಅಧಿಕಾರ ಇರಕೂಡದು ಎಂಬುದು ರಾಜ್ಯ ನಡೆಸುವವರು ಸದಾ ಪಾಲಿಸಬೇಕಾದ ತತ್ವ ಎಂಬುದು ಅವನ ಅಭಿಪ್ರಾಯ. ಮತದಾನ ಮೇಲಿನಿಂದ ಆರಂಭವಾಗಿ ಬಹುಮತ ಬಂದೊಡನೆ ನಿಲ್ಲುತ್ತಿದ್ದುದರಿಂದ ಕೊನೆಯ ಗುಂಪಿನ ಸರದಿ ಬರುವುದೇ ಅಪರೂಪ. ಮುಂದೆ ಗುಂಪುಗಳ ಹಂಚಿಕೆ ತುಸು ಬದಲಾದರೂ ಪ್ರೋಲೆತಾರಿಗಳ ಗುಂಪು ಒಂದೇ ಆಗಿ ಉಳಿಯಿತು. ಕಾಯಿದೆ ಮಾಡುವ ಇನ್ನೊಂದು ಸಭೆಯಲ್ಲಿ 35 ವಿಭಾಗಗಳಿದ್ದವು. ನಗರದ ಬಡವರೆಲ್ಲ ಅವುಗಳಲ್ಲಿ ಹೆಚ್ಚಾಗಿ ನಾಲ್ಕೇ ನಗರ ವಿಭಾಗಗಳಲ್ಲಿ ತುಂಬಿಕೊಂಡಿದ್ದರು, ಮಿಕ್ಕ 31 ಗ್ರಾಮೀಣ ವಿಭಾಗಗಳು.

ಸೈನ್ಯಕ್ಕೆ ಇವರು ಬೇಡವಾಗಿದ್ದರೇ ಎಂದರೆ, ಬೇಡವಾಗಿದ್ದು ಆಪತ್ತು ಬರುವ ತನಕ ಮಾತ್ರ. ಕಾಲಾಳಾಗಲು ಬೇಕಾದ ಆಸ್ತಿಯ ಮಿತಿ 11,000 ಆಸ್‌ನಿಂದ ಕ್ರಿ.ಪೂ. ಎರಡನೆಯ ಶತಮಾನದ ಇತಿಹಾಸಕಾರ ಪೊಲಿಬಿಯಸ್‌ನ ಕಾಲಕ್ಕೆ ಸುಮಾರು 4,000ಕ್ಕೆ ಇಳಿದಿತ್ತು, ಮುಂದೆ 1,500ಕ್ಕೂ ಇಳಿಯಿತು. ಅದಕ್ಕಿಂತ ಕೆಳಗಿದ್ದವರನ್ನು ನೌಕಾಪಡೆಗೆ ಕಳಿಸುತ್ತಿದ್ದರು. ಕ್ರಿ.ಪೂ. 133ರಲ್ಲಿ ತಿಬೇರಿಯಸ್ ಗ್ರಾಕಸ್ ಸಾರ್ವಜನಿಕ ಭೂಮಿಯಲ್ಲಿ ಒಬ್ಬನ ಹಿಡಿತ 500 ಯೂಗೆರ, ಅಂದರೆ ಸುಮಾರು 300 ಎಕರೆ, ಮೀರಬಾರದು, ಹೆಚ್ಚಿನದನ್ನು ಬಡವರಿಗೆ ಹಂಚಬೇಕು ಎಂಬ ಕಾಯಿದೆ ತಂದಾಗ ಅವನ ತಲೆಯಲ್ಲಿ ಇದ್ದ ಚಿಂತೆಗಳಲ್ಲಿ ಸೈನಿಕರ ಕೊರತೆಯೂ ಒಂದು. ಇಟಲಿಯ ಕಾಡುಮೃಗಕ್ಕೂ ಒಂದು ಗವಿಯಿದೆ, ಇಟಲಿಗಾಗಿ ಹೋರಾಡಿ ಸಾಯುವವನಿಗೆ ಗಾಳಿ ಬೆಳಕಿನ ಹೊರತು ಬೇರೇನೂ ಇಲ್ಲ ಎಂದು ಅವನು ಭಾಷಣ ಮಾಡಿದನೆಂದು ಪ್ಲೂಟಾರ್ಕ್ ದಾಖಲಿಸುತ್ತಾನೆ. ಅದೇ ವರ್ಷ ಸೆನೆಟರುಗಳ ಗುಂಪೊಂದು ಅವನನ್ನೂ ಸುಮಾರು 300 ಬೆಂಬಲಿಗರನ್ನೂ ಬಡಿದು ಕೊಂದಿತು. ಕ್ರಿ.ಪೂ. 107ರಲ್ಲಿ ದಂಡನಾಯಕ ಮಾರಿಯಸ್ ಆಸ್ತಿಯ ಮಿತಿಯನ್ನೇ ಬದಿಗಿಟ್ಟು ತಲೆ ಎಣಿಕೆಯವರನ್ನು ಆಫ್ರಿಕಾದ ಯುದ್ಧಕ್ಕೆ ಸೇರಿಸಿಕೊಂಡ. ಅಧಿಕಾರದ ಆಸೆಯುಳ್ಳವನಿಗೆ ಕಡುಬಡವನೇ ಅತ್ಯಂತ ಉಪಯುಕ್ತ, ಏಕೆಂದರೆ ಕಳೆದುಕೊಳ್ಳಲು ಅವನ ಬಳಿ ಏನೂ ಇಲ್ಲ ಎಂದು ಇತಿಹಾಸಕಾರ ಸಲುಸ್ಟ್ ಇದಕ್ಕೆ ಟಿಪ್ಪಣಿ ಬರೆದ. ಮಿತಿ ಮೊದಲೇ ಹಂತಹಂತವಾಗಿ ಕುಸಿದಿದ್ದುದರಿಂದ ಇದನ್ನು ಒಂದೇ ಏಟಿನ ಸುಧಾರಣೆ ಎಂದು ಬಣ್ಣಿಸುವುದು ಅತಿಶಯ. ಆದರೂ ನಿವೃತ್ತಿಯ ನಂತರದ ಭೂಮಿಗಾಗಿ ಸೆನೆಟ್ಟಿನ ಕಡೆ ನೋಡದೆ ತನ್ನ ದಂಡನಾಯಕನ ಮುಖ ನೋಡುವ ಸೈನಿಕ ಬೆಳೆದುಬಂದ ದಾರಿ ಇದೇ. ಕ್ರಿ.ಪೂ. 88ರಲ್ಲಿ ಸುಲ್ಲಾ ಎಂಬ ದಂಡನಾಯಕ ರೋಮಿನ ಮೇಲೆಯೇ ರೋಮನ್ ಸೈನ್ಯವನ್ನು ನಡೆಸಿದ.

ಈಗ ಗೋಧಿಗೆ ಬರೋಣ. ತಿಬೇರಿಯಸ್ ಗ್ರಾಕಸ್‌ನ ತಮ್ಮ ಗಾಯಸ್ ಗ್ರಾಕಸ್ ಕ್ರಿ.ಪೂ. 123ರಲ್ಲಿ ತಂದ ಕಾಯಿದೆಯಂತೆ ನಗರದ ಪ್ರಜೆಗೆ ಒಂದು ‘ಮೋದಿಯಸ್’ ಅಳತೆಯ ಗೋಧಿ ಆರು ಆಸ್ ಚಿಲ್ಲರೆಗೆ ಸಿಗತೊಡಗಿತು. ಅದು ಪುಕ್ಕಟೆಯಲ್ಲ, ನಿಗದಿತ ಬೆಲೆಯ ಮಾರಾಟ. ಸಿಸಿಲಿಯಿಂದಲೋ ಆಫ್ರಿಕಾದಿಂದಲೋ ಹಡಗು ತಡವಾದರೆ ಬೆಲೆ ಗಗನಕ್ಕೇರುತ್ತಿದ್ದ ನಗರದಲ್ಲಿ ಬೆಲೆಯ ಏರಿಳಿತದಿಂದ ಜನರನ್ನು ಕಾಪಾಡುವುದೇ ಅದರ ಉದ್ದೇಶ. ಪುಕ್ಕಟೆಯಾದದ್ದು ಕ್ರಿ.ಪೂ. 58ರಲ್ಲಿ, ಕ್ಲೋದಿಯಸ್ ಎಂಬ ಚತುರ ರಾಜಕಾರಣಿಯ ಕಾಯಿದೆಯಿಂದ. ತಿಂಗಳಿಗೆ ಐದು ಮೋದಿಯಸ್, ಅಂದರೆ ಸುಮಾರು 33 ಕಿಲೋ ಗೋಧಿ. ನಮ್ಮ ಅಂತ್ಯೋದಯ ಕಾರ್ಡಿನ 35 ಕಿಲೋಗೆ ಇದು ಹತ್ತಿರದ ಅಂಕಿ ಎಂಬುದು ಕಾಕತಾಳೀಯ. ಆದರೆ ಅಂತ್ಯೋದಯದ 35 ಕಿಲೋ ಬಡವರಲ್ಲಿ ಬಡವರೆಂದು ಗುರುತಿಸಿದ ಕುಟುಂಬಕ್ಕೆ. ರೋಮಿನ 33 ಕಿಲೋ ವಯಸ್ಕ ಪುರುಷ ಪ್ರಜೆ ಎಂಬ ಒಂದೇ ಅರ್ಹತೆಯ ಮೇಲೆ. ಹೆಂಡತಿಯಿದ್ದಾಳೆಯೆ, ಮಕ್ಕಳೆಷ್ಟು, ಕೂಲಿ ಸಿಕ್ಕಿದೆಯೆ ಎಂಬ ಪ್ರಶ್ನೆಗಳೇ ಅಲ್ಲಿರಲಿಲ್ಲ. ಕಾನ್ಸಲ್ ಪದವಿಗೇರಿದ ಸೆನೆಟರ್ ಒಬ್ಬ ಗ್ರಾಕಸ್‌ನ ಗೋಧಿಗಾಗಿ ಸಾಲಿನಲ್ಲಿ ನಿಂತು, ನನ್ನ ಆಸ್ತಿಯನ್ನು ಹಂಚುತ್ತಿರುವಾಗ ನನ್ನ ಪಾಲನ್ನು ನಾನೇಕೆ ಬಿಡಲಿ ಎಂದು ಕೇಳಿದ ಪ್ರಸಂಗವನ್ನು ಸಿಸೆರೋ ಹೇಳುತ್ತಾನೆ. ವ್ಯಂಗ್ಯಕ್ಕಾಗಿಯೇ ನಿಂತಿದ್ದರೂ ಅವನನ್ನು ಹೊರಗೆ ಕಳಿಸುವ ವಿಧಿ ಕಾಯಿದೆಯಲ್ಲಿ ಇರಲಿಲ್ಲ.

ಆ 33 ಕಿಲೋ ಎಷ್ಟು ಜನರ ಹೊಟ್ಟೆ ತುಂಬುತ್ತಿತ್ತು ಎಂಬುದಕ್ಕೆ ಒಂದು ಅಳತೆಗೋಲಿದೆ. ರಾಜಕಾರಣಿ ಕೇಟೋ ತನ್ನ ಕೃಷಿ ಕೈಪಿಡಿಯಲ್ಲಿ ಹೊಲದಲ್ಲಿ ದುಡಿಯುವ ಗುಲಾಮನಿಗೆ ತಿಂಗಳಿಗೆ ಚಳಿಗಾಲದಲ್ಲಿ ನಾಲ್ಕು, ಬೇಸಗೆಯಲ್ಲಿ ನಾಲ್ಕೂವರೆ ಮೋದಿಯಸ್ ಗೋಧಿ ಕೊಡಲು ಹೇಳುತ್ತಾನೆ. ಅಂದರೆ ಜಗತ್ತನ್ನು ಆಳುವ ಪ್ರಜೆಯ ಪಡಿತರ ಗುಲಾಮನೊಬ್ಬನ ಊಟಕ್ಕಿಂತ ಅರ್ಧದಿಂದ ಒಂದು ಮೋದಿಯಸ್ ಮಾತ್ರ ಹೆಚ್ಚು. ಒಬ್ಬ ಗಂಡಾಳಿಗೆ ಸಾಕು, ಸಂಸಾರಕ್ಕೆ ಸಾಲದು. ಕೈಗೆ ಬರುತ್ತಿದ್ದುದು ಕಾಳು. ಅದನ್ನು ಬೀಸಿಸಲು, ಸುಡಿಸಲು, ಸೌದೆಗೆ ಬೇರೆ ಖರ್ಚಿತ್ತು. ಎಣ್ಣೆ, ಬೇಳೆ, ಬಟ್ಟೆ, ಬಾಡಿಗೆ ಇವುಗಳಿಗೆಲ್ಲ ಕೂಲಿಯೇ ಗತಿ. ಈ ಗೋಧಿಯನ್ನು ನೆಚ್ಚಿ ಯಾರೂ ಕೈಕಟ್ಟಿ ಕೂರಲು ಸಾಧ್ಯವಿರಲಿಲ್ಲ.

ಪಟ್ಟಿಯ ರಾಜಕೀಯ ಇನ್ನೂ ಕುತೂಹಲಕರ. ಗೋಧಿ ಪುಕ್ಕಟೆಯಾದದ್ದೇ ತಡ, ಎಷ್ಟೋ ಧಣಿಗಳು ತಮ್ಮ ಗುಲಾಮರನ್ನು ಬಿಡುಗಡೆ ಮಾಡತೊಡಗಿದರು. ಬಿಡುಗಡೆಯಾದವನು ಪ್ರಜೆಯಾಗುತ್ತಾನೆ, ಅವನ ಹೊಟ್ಟೆಯ ಖರ್ಚು ಖಜಾನೆಗೆ ಹೋಗುತ್ತದೆ, ಹಳೆಯ ಧಣಿಗೆ ಸಲ್ಲಿಸಬೇಕಾದ ಸೇವೆ ಮಾತ್ರ ಧಣಿಯ ಬಳಿಯೇ ಉಳಿಯುತ್ತದೆ. ಬಡವರ ಸೋಮಾರಿತನದ ಬಗ್ಗೆ ಬರೆದವರ ಪೈಕಿ ಈ ಲಾಭಕೋರತನವನ್ನು ಅಷ್ಟೇ ಜೋರಾಗಿ ಬೈದವರು ಕಡಿಮೆ. ಜೂಲಿಯಸ್ ಸೀಸರ್ ಅಧಿಕಾರಕ್ಕೆ ಬಂದಾಗ ಪಟ್ಟಿಯಲ್ಲಿ 3,20,000 ಹೆಸರುಗಳಿದ್ದವು. ಅವನು ಅದನ್ನು 1,50,000ಕ್ಕೆ ಇಳಿಸಿದ. ಎಣಿಕೆ ನಡೆದ ರೀತಿಯನ್ನು ಜೀವನಚರಿತ್ರೆಕಾರ ಸ್ವೆಟೋನಿಯಸ್ ಹೇಳುತ್ತಾನೆ: ಬೀದಿಬೀದಿಯಲ್ಲಿ, ವಠಾರಗಳ ಮಾಲೀಕರ ಮೂಲಕ. ಬಾಡಿಗೆಯ ಕೋಣೆಯೂ ಇಲ್ಲದೆ ಸೇತುವೆಯ ಕೆಳಗೋ ಗೋರಿಗಳ ನಡುವೆಯೋ ಮಲಗುವವನ ಹೆಸರನ್ನು ಯಾವ ಮಾಲೀಕ ಬರೆಸಿಯಾನು? ಪಟ್ಟಿಯಲ್ಲಿದ್ದವನು ಸತ್ತರೆ ಆ ಜಾಗಕ್ಕೆ ಹೊರಗಿದ್ದವರೊಳಗಿಂದ ಚೀಟಿ ಎತ್ತಿ ಒಬ್ಬನನ್ನು ಸೇರಿಸುತ್ತಿದ್ದರು. ಹಸಿವು ಒಂದು ಮಾನದಂಡವೇ ಆಗಿರಲಿಲ್ಲ, ಅದೃಷ್ಟ ಆಗಿತ್ತು. ಮೊದಲ ಚಕ್ರವರ್ತಿ ಅಗಸ್ಟಸ್‌ನ ಕಾಲಕ್ಕೆ, ಕ್ರಿ.ಪೂ. 2ರಲ್ಲಿ, ಸಂಖ್ಯೆ ಎರಡು ಲಕ್ಷದ ಆಸುಪಾಸಿನಲ್ಲಿ ನಿಂತಿತು. ನಗರದ ಜನಸಂಖ್ಯೆ ಆಗ ಸುಮಾರು ಹತ್ತು ಲಕ್ಷ ಎಂಬುದು ಇತಿಹಾಸಕಾರರ ಅಂದಾಜು. ಹೆಂಗಸರು, ಪರಊರಿನವರು, ಗುಲಾಮರು ಹೊರಗೆ. ಹಳ್ಳಿಯಿಂದ ಹೊಸದಾಗಿ ಗುಳೆ ಬಂದವನೂ ಬಹುಪಾಲು ಹೊರಗೆ. ಇಟಲಿಯ ಉಳಿದ ಊರುಗಳ ಬಡವರಿಗೆ ಈ ಪಟ್ಟಿಯ ಸೋಂಕೂ ಇರಲಿಲ್ಲ. ಬರಬರುತ್ತ ಗೋಧಿಯ ಚೀಟಿ ಉಯಿಲಿನಲ್ಲಿ ಬರೆದುಕೊಡುವ ಸ್ವತ್ತಾಗಿಯೂ ಕಾನೂನು ಗ್ರಂಥಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಆದರೂ ಅಪವಾದ ಅಂಟಿಕೊಂಡೇ ಇದೆ, ಎಡಪಂಥದ ಬರಹದಲ್ಲೂ. ರೋಮಿನ ಪ್ರೋಲೆತಾರಿಯಾತ್ ಸಮಾಜದ ಖರ್ಚಿನಲ್ಲಿ ಬದುಕಿತು, ಇಂದಿನ ಸಮಾಜ ಪ್ರೋಲೆತಾರಿಯಾತ್‌ನ ಖರ್ಚಿನಲ್ಲಿ ಬದುಕುತ್ತಿದೆ ಎಂಬ ಅರ್ಥಶಾಸ್ತ್ರಜ್ಞ ಸಿಸ್ಮೊಂದಿಯ ಮಾತನ್ನು ಮಾರ್ಕ್ಸ್ 1869ರಲ್ಲಿ ಮೆಚ್ಚಿ ಉದ್ಧರಿಸಿದ. ಮಾತಿನ ದ್ವಿತೀಯಾರ್ಧ ಏನೇ ಇರಲಿ, ಮೊದಲರ್ಧವನ್ನು ಒಪ್ಪುವುದು ಕಷ್ಟ. ತೈಬರ್ ದಂಡೆಯಲ್ಲಿ ಇಂದಿಗೂ ಸುಮಾರು 35 ಮೀಟರ್ ಎತ್ತರದ ಗುಡ್ಡವೊಂದಿದೆ, ಹೆಸರು ಮೋಂತೆ ತೆಸ್ತಾಚ್ಚೊ. ಅದು ಕಲ್ಲುಮಣ್ಣಿನ ಗುಡ್ಡವಲ್ಲ. ಸ್ಪೇನ್ ಮತ್ತು ಆಫ್ರಿಕಾದಿಂದ ಎಣ್ಣೆ ತುಂಬಿಕೊಂಡು ಬಂದ ಕೋಟಿಗಟ್ಟಲೆ ಮಡಕೆಗಳ ಚೂರಿನ ರಾಶಿ. ಅವುಗಳಲ್ಲಿ ಪ್ರತಿಯೊಂದನ್ನೂ ಹಡಗಿನಿಂದ ಒಬ್ಬ ಹಮಾಲಿ ಹೊತ್ತು ಇಳಿಸಿದ್ದಾನೆ. ಭಾರಿ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಯಂತ್ರವನ್ನು ಒಬ್ಬ ಕುಶಲಿ ತೋರಿಸಿದಾಗ ವೆಸ್ಪಾಸಿಯನ್ ಚಕ್ರವರ್ತಿ ಅವನಿಗೆ ಬಹುಮಾನ ಕೊಟ್ಟು, ನನ್ನ ಬಡಜನಕ್ಕೆ ಅನ್ನ ಹಾಕಲು ಬಿಡು ಎಂದು ಯಂತ್ರವನ್ನು ಬೇಡವೆಂದನಂತೆ. ಸೋಮಾರಿಗಳಿಂದ ತುಂಬಿದ ನಗರದಲ್ಲಿ ಈ ಕಥೆಗೆ ಅರ್ಥವೇ ಇರುತ್ತಿರಲಿಲ್ಲ.

ಕೂಲಿಯ ಪ್ರಮಾಣ ತಿಳಿಯಲು ತಡವಾದ ಕಾಲದ, ಆದರೆ ವಿವರವಾದ ದಾಖಲೆಯೊಂದಿದೆ: ಕ್ರಿ.ಶ. 301ರ ಡಯೊಕ್ಲೀಷಿಯನ್ ಚಕ್ರವರ್ತಿಯ ಬೆಲೆಪಟ್ಟಿ. ಹೊಲದ ಕೂಲಿಗೂ ಚರಂಡಿ ಬಳಿಯುವವನಿಗೂ ಊಟದ ಜೊತೆಗೆ ದಿನಕ್ಕೆ 25 ದಿನಾರಿಯಸ್, ಬಡಗಿಗೆ 50, ಚಿತ್ರ ಬರೆಯುವವನಿಗೆ 150. ದೊಡ್ಡ ಮಾಪಿನ ಒಂದು ಮೋದಿಯಸ್ ಗೋಧಿಯ ಗರಿಷ್ಠ ಬೆಲೆ 100. ಒಂದು ಅಳತೆ ಗೋಧಿಗೆ ನಾಲ್ಕು ದಿನದ ಮೈಮುರಿತ. ಹಣದುಬ್ಬರಕ್ಕೆ ಸಿಕ್ಕಿ ಸವೆದುಹೋಗಿದ್ದ ಆ ದಿನಾರಿಯಸ್ ಮೂರು ಶತಮಾನ ಹಿಂದೆ ಒಳ್ಳೆಯ ಬೆಳ್ಳಿಯ ನಾಣ್ಯವಾಗಿತ್ತು, ಸ್ಥೂಲವಾಗಿ ಒಂದು ದಿನದ ಕೂಲಿಯಾಗಿತ್ತು. ಚಿತ್ರದುರ್ಗದ ಚಂದ್ರವಳ್ಳಿಯ ನೆಲದಲ್ಲಿ ಸಿಕ್ಕಿರುವ ರೋಮನ್ ನಾಣ್ಯಗಳು ಆ ಹಳೆಯ ಬೆಳ್ಳಿಯವು. ಇಂಥ ಕೂಲಿಯ ಬಗ್ಗೆ ಮೇಲ್ವರ್ಗದ ಅಭಿಪ್ರಾಯ ಗೌರವದ್ದಾಗಿರಲಿಲ್ಲ. ಮೈದುಡಿಮೆಗೆ ಪಡೆಯುವ ಸಂಬಳವೇ ಗುಲಾಮಗಿರಿಯ ಮುಂಗಡ ಎಂದವನು ಅದೇ ಸಿಸೆರೋ. ಬಡವ ಕೆಲಸವಿಲ್ಲದೆ ಕೂತರೆ ಸೋಮಾರಿ, ಕೆಲಸಕ್ಕೆ ಹೋದರೆ ಅರೆಗುಲಾಮ. ಪೊಂಪೆಯಿಯ ಗೋಡೆಯ ಮೇಲೆ ಅನಾಮಧೇಯನೊಬ್ಬ ಗೀಚಿದ ಬರಹ ಇನ್ನೂ ನೇರವಾಗಿದೆ: ಬಡವರನ್ನು ಕಂಡರೆ ನನಗಾಗದು, ಪುಕ್ಕಟೆಯಾಗಿ ಏನನ್ನಾದರೂ ಕೇಳುವವನು ಮೂರ್ಖ, ದುಡ್ಡು ಕೊಟ್ಟು ಪಡೆಯಲಿ.

ಅವರ ವಸತಿಯನ್ನು ‘ಇನ್ಸುಲಾ’ ಎಂದು ಕರೆಯುತ್ತಿದ್ದರು. ಬೆಂಗಳೂರು ಮೈಸೂರಿನ ಹಳೆಯ ವಠಾರಗಳನ್ನು ಒಂದರ ಮೇಲೊಂದು ಐದಾರು ಅಂತಸ್ತು ಪೇರಿಸಿದಂತೆ ಎಂದರೆ ಚಿತ್ರ ಹೆಚ್ಚು ಕಡಿಮೆ ಸರಿಹೋಗುತ್ತದೆ. ಅಗಸ್ಟಸ್ ಅವುಗಳ ಎತ್ತರವನ್ನು 70 ರೋಮನ್ ಅಡಿಗೆ, ಮುಂದೆ ತ್ರಾಜನ್ ಚಕ್ರವರ್ತಿ 60ಕ್ಕೆ ಮಿತಿಗೊಳಿಸಬೇಕಾಗಿ ಬಂತು. ಬಾಡಿಗೆ ಮೇಲೇರಿದಂತೆ ಅಗ್ಗ. ನೀರು ಮೇಲೇರುವುದಿಲ್ಲ, ಬೆಂಕಿ ಮಾತ್ರ ಏರುತ್ತದೆ. ತನ್ನ ಒಡೆತನದ ಎರಡು ಅಂಗಡಿ ಕುಸಿದು ಮಿಕ್ಕವು ಬಿರುಕು ಬಿಟ್ಟಾಗ ಬಾಡಿಗೆದಾರರಷ್ಟೇ ಅಲ್ಲ, ಇಲಿಗಳೂ ಜಾಗ ಖಾಲಿ ಮಾಡಿದವೆಂದು ಸಿಸೆರೋ ಗೆಳೆಯನಿಗೆ ತಮಾಷೆಯಾಗಿ ಬರೆದ. ಕೋಣೆಯಲ್ಲಿ ಒಲೆಗೆ ಜಾಗವಿಲ್ಲದವರು ಬೀದಿಯ ಅಡುಗೆ ಅಂಗಡಿಗಳನ್ನೇ ನೆಚ್ಚಿದ್ದರು. ಅಲ್ಲಿಯೂ ಬೇಳೆಕಾಳು ಮತ್ತು ಸೊಪ್ಪು ತರಕಾರಿಯ ಹೊರತು ಬೇಯಿಸಿದ ಬೇರೇನನ್ನೂ ಮಾರಕೂಡದೆಂದು ನೀರೋ ಚಕ್ರವರ್ತಿ ಆಜ್ಞೆ ಮಾಡಿದ. ಅರಮನೆಯ ಔತಣಗಳಿಗೆ ಇಂಥ ಯಾವ ನಿಯಮವೂ ಅಡ್ಡಬರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ.

ಬಡತನವನ್ನು ನೋಡಿ ನೆರವು ಕೊಡುವ ಯೋಜನೆಗೆ ಹತ್ತಿರ ಬರುವುದು ತ್ರಾಜನ್ ಕಾಲದ ಮಕ್ಕಳ ಪೋಷಣೆಯ ನಿಧಿ. ಉತ್ತರ ಇಟಲಿಯ ವೆಲೆಯಾ ಎಂಬ ಊರಿನ ಕಂಚಿನ ಫಲಕದಲ್ಲಿ ಅದರ ಲೆಕ್ಕ ಉಳಿದಿದೆ: ಗಂಡು ಮಗುವಿಗೆ ತಿಂಗಳಿಗೆ 16 ಸೆಸ್ಟರ್ಸ್ ನಾಣ್ಯ, ಹೆಣ್ಣಿಗೆ 12. ಮದುವೆಯೊಳಗೆ ಹುಟ್ಟಿದ ಮಕ್ಕಳ ಪೈಕಿ ಪಟ್ಟಿಯಲ್ಲಿದ್ದ ಗಂಡುಗಳು 245, ಹೆಣ್ಣುಗಳು 34. ಆ ಊರಿನಲ್ಲಿ ಹೆಣ್ಣುಮಕ್ಕಳು ಹುಟ್ಟಿರಲಿಲ್ಲ ಎಂದು ಇದರ ಅರ್ಥವಲ್ಲ. ಮನೆಗೊಂದೇ ಮಗುವಿಗೆ ನೆರವು ಸಿಗುವುದಾದರೆ ತಂದೆತಾಯಿ ಹೆಚ್ಚು ಮೊತ್ತದ ಹೆಸರನ್ನು ಬರೆಸಿರಬೇಕು ಎಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ. ಇಲ್ಲಿಯೂ ರಾಜ್ಯದ ಕಣ್ಣಿದ್ದುದು ನಾಳಿನ ಸೈನಿಕನ ಮೇಲೆ. ‘ಪ್ರೋಲೆಸ್’ ಎಂಬ ಹಳೆಯ ಪದದ ಒಳಗಿನ ಲೆಕ್ಕಾಚಾರ ಬದಲಾಗಿರಲಿಲ್ಲ.

ಸತ್ತ ಮೇಲಿನ ಭಯವೂ ಸಣ್ಣದಾಗಿರಲಿಲ್ಲ. ರೋಮಿನ ಎಸ್ಕ್ವಿಲೈನ್ ಗುಡ್ಡದ ಮೇಲೆ, ಕೋಟೆಗೋಡೆಯ ಹೊರಗಿದ್ದ ಸಾಮೂಹಿಕ ಹೊಂಡಗಳಲ್ಲಿ ಬಡವರ ಹೆಣಗಳನ್ನು ಪ್ರಾಣಿಗಳ ಹೆಣಗಳ ಜೊತೆಗೆ ಎಸೆಯುತ್ತಿದ್ದರು. ಅಗಸ್ಟಸ್‌ನ ಆಪ್ತ ಮೈಸಿನಸ್ ಅದೇ ಜಾಗಕ್ಕೆ ಮಣ್ಣು ತುಂಬಿಸಿ ಮೇಲೆ ತನ್ನ ಉದ್ಯಾನ ಕಟ್ಟಿಸಿದ. ಆ ಹೊಂಡ ತಪ್ಪಿಸಿಕೊಳ್ಳಲೆಂದೇ ಜನ ಶವಸಂಸ್ಕಾರ ಸಂಘಗಳನ್ನು ಕಟ್ಟಿಕೊಂಡರು. ಲಾನುವಿಯಂ ಎಂಬ ಊರಿನ ಸಂಘದ ಕ್ರಿ.ಶ. 136ರ ನಿಯಮಾವಳಿ ಶಿಲೆಯಲ್ಲಿ ಉಳಿದಿದೆ: ಪ್ರವೇಶಕ್ಕೆ 100 ಸೆಸ್ಟರ್ಸ್ ಮತ್ತು ಒಂದು ಹಂಡೆ ಒಳ್ಳೆಯ ದ್ರಾಕ್ಷಾರಸ, ತಿಂಗಳಿಗೆ ಐದು ಆಸ್ ಚಂದಾ, ಸತ್ತರೆ ಸಂಸ್ಕಾರಕ್ಕೆ 300 ಸೆಸ್ಟರ್ಸ್. ನಮ್ಮ ಚೀಟಿ ವ್ಯವಹಾರ ಬಲ್ಲವರಿಗೆ ಇದರ ಮರ್ಮ ವಿವರಿಸಬೇಕಿಲ್ಲ. ಆದರೆ 100 ಸೆಸ್ಟರ್ಸ್ ಅಂದರೆ 25 ದಿನಾರಿಯಸ್, ಹೆಚ್ಚುಕಡಿಮೆ ತಿಂಗಳ ದುಡಿಮೆ. ಕಡುಬಡವನಿಗೆ ಸಂಘದ ಬಾಗಿಲೂ ಎತ್ತರವೇ.

ಆ ಶಿಲೆ ಕಡೆದ ಶತಮಾನದಲ್ಲಿಯೇ ಬರಹಗಾರ ಔಲಸ್ ಗೆಲ್ಲಿಯಸ್ ರೋಮಿನ ಚೌಕದಲ್ಲಿ ಹಳೆಯ ಕಾವ್ಯವೊಂದರ ವಾಚನ ಕೇಳುತ್ತಿದ್ದ. ‘ಪ್ರೋಲೆತಾರಿಯಸ್’ ಎಂಬ ಪದ ಬಂದಾಗ ಪಕ್ಕದಲ್ಲಿದ್ದ ನ್ಯಾಯಶಾಸ್ತ್ರಜ್ಞ ಗೆಳೆಯನನ್ನು ಅದರ ಅರ್ಥ ಕೇಳಿದ. ನಾನು ಕಲಿತದ್ದು ಕಾನೂನು, ಪುರಾಣಕಾಲದ ವನವಾಸಿಗಳ ಕಟ್ಟಳೆಯನ್ನಲ್ಲ, ಆ ಪದಗಳೆಲ್ಲ ಎಂದೋ ಸತ್ತಿವೆ ಎಂದು ಅವನು ಸಿಡುಕಿದ. ಅರ್ಥ ಹೇಳಿದವನು ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಕವಿ. ಆಸ್ತಿ 1,500 ಆಸ್ ಮೀರದಿದ್ದರೆ ಪ್ರೋಲೆತಾರಿ, 375 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತಲೆ ಎಣಿಕೆಯವನು ಎಂಬ ಲೆಕ್ಕ ನಮಗೆ ತಲುಪಿರುವುದು ಆ ಸಂಭಾಷಣೆಯಿಂದ. ನ್ಯಾಯಶಾಸ್ತ್ರಜ್ಞನ ಮಾತು ಒಂದು ರೀತಿಯಲ್ಲಿ ನಿಜವೇ. ಅವನ ಕಾಲದ ಕಾನೂನಿಗೆ ಐದು ವರ್ಗ, ಆಯುಧ, ಗುಂಪುಗಳ ಲೆಕ್ಕ ಬೇಕಿರಲಿಲ್ಲ. ಅದು ಮನುಷ್ಯರನ್ನು ಎರಡೇ ಬಗೆಯಾಗಿ ವಿಂಗಡಿಸತೊಡಗಿತ್ತು, ಗಣ್ಯರು ಮತ್ತು ಕೆಳಗಿನವರು. ಕ್ರಿ.ಶ. 212ರಲ್ಲಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರರಿಗೂ ಪೌರತ್ವ ಕೊಟ್ಟಾಗ ಚಾಟಿಯಿಂದಲೂ ಶಿಲುಬೆಯಿಂದಲೂ ಕಾಯುತ್ತಿದ್ದ ಪೌರತ್ವದ ಬೆಲೆ ಆಗಲೇ ಈ ವಿಂಗಡಣೆಯಲ್ಲಿ ಸವೆದುಹೋಗಿತ್ತು. ಹೊಲದ ಗಡಿಕಲ್ಲನ್ನು ದುರುದ್ದೇಶದಿಂದ ಸರಿಸಿದವರ ಬಗ್ಗೆ ಹೇಡ್ರಿಯನ್ ಚಕ್ರವರ್ತಿ ಕೊಟ್ಟ ಆದೇಶವೊಂದು ಕಾನೂನು ಸಂಗ್ರಹದಲ್ಲಿದೆ: ತಪ್ಪಿತಸ್ಥ ಗಣ್ಯನಾದರೆ ಗಡೀಪಾರು, ಸಾಮಾನ್ಯನಾದರೆ ಏಟು, ಮತ್ತು ಎರಡು ವರ್ಷ ಸರ್ಕಾರಿ ಕಾಮಗಾರಿಯಲ್ಲಿ ದುಡಿಮೆ.